ಎಲ್ಲೂ ಬರೆದಿಲ್ಲದ ಕಾನೂನು

2020ರ ಆಗಸ್ಟ್ 17ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಆರ್ಲಿಂಗ್ಟನ್‌ನಲ್ಲಿ 21 ವರ್ಷದ ಹುಡುಗನೊಬ್ಬ ಬೇಸ್‌ಬಾಲ್ ಚೆಂಡನ್ನು ಬಹಳ ಚೆನ್ನಾಗಿ ಹೊಡೆದ. ಆಟ ಮುಗಿದ ಮೇಲೆ, ಹಾಗೆ ಹೊಡೆದದ್ದಕ್ಕೆ ಕ್ಷಮೆ ಕೇಳಿದ.

ಹುಡುಗನ ಹೆಸರು ಫರ್ನಾಂಡೊ ತಾತೀಸ್ ಜೂನಿಯರ್. ಅವನ ತಂಡ ಸ್ಯಾನ್ ಡಿಯಾಗೊ ಪ್ಯಾಡ್ರೆಸ್, ಎಂಟನೇ ಇನ್ನಿಂಗ್‌ನಲ್ಲಿ 10-3ರಿಂದ ಮುಂದಿತ್ತು. ಮೂರೂ ಬೇಸ್‌ಗಳಲ್ಲಿ ಅವನ ಜೊತೆಗಾರರು ನಿಂತಿದ್ದರು. ಎದುರಾಳಿ ಟೆಕ್ಸಾಸ್ ರೇಂಜರ್ಸ್ ತಂಡದ ಪಿಚರ್ ಸತತ ಮೂರು ಸಲ ಗುರಿ ತಪ್ಪಿ ಎಸೆದಿದ್ದ. ಬೇಸ್‌ಬಾಲ್‌ನಲ್ಲಿ ಪಿಚರ್ ನಾಲ್ಕು ಸಲ ಹೀಗೆ ತಪ್ಪಿದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ. ಆದ್ದರಿಂದ ನಾಲ್ಕನೆಯದನ್ನು ಪಿಚರ್ ನೇರವಾಗಿ, ಹೊಡೆಯಲು ಅನುಕೂಲವಾಗುವಂತೆಯೇ ಎಸೆಯಬೇಕಾಗುತ್ತದೆ. ಎಸೆದ. ತಾತೀಸ್ ಹೊಡೆದ. ಚೆಂಡು ಬೇಲಿ ದಾಟಿ ಹೋಯಿತು, ನಾಲ್ವರೂ ಓಡಿ ಬಂದರು, ಅಂಕ 14-3 ಆಯಿತು. ಇದನ್ನು ಗ್ರ್ಯಾಂಡ್ ಸ್ಲ್ಯಾಮ್ ಎನ್ನುತ್ತಾರೆ. ಒಬ್ಬ ಬ್ಯಾಟರ್ ಒಂದು ಹೊಡೆತದಲ್ಲಿ ಇದಕ್ಕಿಂತ ಹೆಚ್ಚಿನದನ್ನು ಮಾಡುವುದು ಆ ಆಟದಲ್ಲಿ ಸಾಧ್ಯವೇ ಇಲ್ಲ.

ರೇಂಜರ್ಸ್ ಮ್ಯಾನೇಜರ್ ಕ್ರಿಸ್ ವುಡ್‌ವರ್ಡ್‌ಗೆ ಇದು ಹಿಡಿಸಲಿಲ್ಲ. ಅವರು ಪಿಚರ್‌ನನ್ನು ಬದಲಿಸಿದರು. ಹೊಸದಾಗಿ ಬಂದ ಇಯಾನ್ ಗಿಬೊ ತನ್ನ ಮೊದಲ ಎಸೆತವನ್ನೇ ಮುಂದಿನ ಬ್ಯಾಟರ್ ಮ್ಯಾನಿ ಮಚಾಡೊನ ಬೆನ್ನ ಹಿಂದೆ ಹಾಯಿಸಿದ. ತಾತೀಸ್ ಮಾಡಿದ ‘ತಪ್ಪು’ ಇಷ್ಟೇ: ಏಳು ಅಂಕ ಮುಂದಿರುವಾಗ, ಆಟ ಮುಗಿಯುತ್ತ ಬಂದಿರುವಾಗ, ಮೂರು ಸಲ ಗುರಿ ತಪ್ಪಿರುವ ಪಿಚರ್‌ನ ಮುಂದಿನ ಎಸೆತಕ್ಕೆ ಬ್ಯಾಟ್ ಬೀಸಬಾರದು. ಸೋಲುತ್ತಿರುವವನನ್ನು ಹೀಗಳೆದಂತೆ ಆಗುತ್ತದೆಯಂತೆ. ಅವನ ಸ್ವಂತ ಮ್ಯಾನೇಜರ್ ಕೂಡ ಬೀಸಬೇಡ ಎಂದು ಸನ್ನೆ ಮಾಡಿದ್ದರು, ಹುಡುಗ ನೋಡಿರಲಿಲ್ಲ. ತಮಾಷೆಯೆಂದರೆ ಇವನು ಆಟಕ್ಕೆ ಹೊಸಬನೇನಲ್ಲ. ಇವನ ಅಪ್ಪ 1999ರಲ್ಲಿ ಒಂದೇ ಇನ್ನಿಂಗ್‌ನಲ್ಲಿ ಎರಡು ಗ್ರ್ಯಾಂಡ್ ಸ್ಲ್ಯಾಮ್ ಹೊಡೆದವರು. ಅದನ್ನು ಮತ್ತಾರೂ ಇದುವರೆಗೆ ಮಾಡಿಲ್ಲ. ಬೇಸ್‌ಬಾಲ್ ಮನೆಯಲ್ಲೇ ಹುಟ್ಟಿ ಬೆಳೆದವನಿಗೂ ಗೊತ್ತಾಗದೆ ಉಳಿದ ನಿಯಮ ಎಂಥದ್ದು?

ಅದು ಎಲ್ಲೂ ಬರೆದಿಲ್ಲದ ನಿಯಮ.

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಅಧಿಕೃತ ನಿಯಮ ಪುಸ್ತಕ ನೂರು ಪುಟಗಳನ್ನು ಮೀರುತ್ತದೆ. ಚೆಂಡಿನ ತೂಕ, ಬ್ಯಾಟಿನ ಉದ್ದ, ಪಿಚರ್ ಕಾಲು ಇಡಬೇಕಾದ ಹಲಗೆಯ ಅಳತೆ, ಎಲ್ಲವೂ ಅದರಲ್ಲಿವೆ. ಅದರ ಪಕ್ಕದಲ್ಲೇ ಇನ್ನೊಂದು, ಕಾಣದ ಪುಸ್ತಕವಿದೆ. ಹೋಮ್ ರನ್ ಹೊಡೆದ ಮೇಲೆ ನಿಂತು ಚೆಂಡನ್ನು ನೋಡುತ್ತ ಸಂತೋಷಪಡಬಾರದು. ಬ್ಯಾಟನ್ನು ಗಾಳಿಯಲ್ಲಿ ತಿರುಗಿಸಿ ಎಸೆಯಬಾರದು. ತುಂಬ ಮುಂದಿರುವಾಗ ಬೇಸ್ ಕದಿಯಬಾರದು. ಎದುರಾಳಿ ಪಿಚರ್ ನಿಲ್ಲುವ ದಿಬ್ಬದ ಮೇಲೆ ಹಾದುಹೋಗಬಾರದು. ಒಬ್ಬ ಪಿಚರ್ ಯಾರಿಗೂ ಒಂದು ಹಿಟ್ ಕೂಡ ಕೊಡದೆ ಪಂದ್ಯ ಮುಗಿಸುವ ಹಂತಕ್ಕೆ ಬಂದಿದ್ದರೆ ಅವನ ಜೊತೆಗಾರರು ಆ ವಿಷಯವನ್ನು ಬಾಯಿ ಬಿಟ್ಟು ಹೇಳಬಾರದು; ಹೇಳಿದರೆ ಕೆಡುತ್ತದೆ. ಹಾಗಾಗಿ ಅವನು ಇನ್ನಿಂಗ್ ಮುಗಿಸಿ ಬಂದು ಕೂತಾಗ ಯಾರೂ ಅವನ ಪಕ್ಕ ಕೂರುವುದಿಲ್ಲ, ಮಾತಾಡಿಸುವುದಿಲ್ಲ. ಬದುಕಿನ ಅತ್ಯುತ್ತಮ ದಿನದಂದು ಅವನು ಸೂತಕದವನಂತೆ ಒಂಟಿಯಾಗಿ ಬೆಂಚಿನ ಮೂಲೆಯಲ್ಲಿರುತ್ತಾನೆ.

ಇವುಗಳಲ್ಲಿ ಕೆಲವು ನಿರುಪದ್ರವಿ ನಂಬಿಕೆಗಳು. ಕೆಲವು ಆಟದ ಬುಡಕ್ಕೇ ಕೊಡಲಿ ಹಾಕುತ್ತವೆ. 2001ರ ಮೇ 26ರಂದು ಅರಿಝೋನ ಡೈಮಂಡ್‌ಬ್ಯಾಕ್ಸ್ ತಂಡದ ಕರ್ಟ್ ಶಿಲ್ಲಿಂಗ್ ಪ್ಯಾಡ್ರೆಸ್ ತಂಡದ ಮೊದಲ 22 ಬ್ಯಾಟರ್‌ಗಳನ್ನು ಸಾಲಾಗಿ ಔಟ್ ಮಾಡಿದ್ದ. ಇನ್ನು ಐದು ಜನ ಔಟಾಗಿದ್ದರೆ ಅದು ಪರ್ಫೆಕ್ಟ್ ಗೇಮ್ ಆಗುತ್ತಿತ್ತು. ಇಪ್ಪತ್ಮೂರನೆಯವನಾಗಿ ಬಂದ ಬೆನ್ ಡೇವಿಸ್ ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟಿ ಓಡಿ ಮೊದಲ ಬೇಸ್ ಮುಟ್ಟಿಬಿಟ್ಟ. ಇದಕ್ಕೆ ಬಂಟ್ ಎಂದು ಹೆಸರು. ನಿಯಮಬದ್ಧ, ಮಾಮೂಲಿ ಹೊಡೆತ. ಆದರೆ ಡೈಮಂಡ್‌ಬ್ಯಾಕ್ಸ್ ಮ್ಯಾನೇಜರ್ ಕೆಂಡಾಮಂಡಲವಾದರು. ಇದು ಹೇಡಿಯ ಕೆಲಸ ಎಂಬ ಅರ್ಥದ ಮಾತುಗಳನ್ನಾಡಿದರು. ಆಗ ಅಂಕವೆಷ್ಟಿತ್ತು? 2-0. ಡೇವಿಸ್ ಬೇಸ್ ಮುಟ್ಟಿದ್ದರಿಂದ, ಮುಂದಿನ ಬ್ಯಾಟರ್‌ನ ಒಂದೇ ಹೊಡೆತದಲ್ಲಿ ಪಂದ್ಯ ಸಮವಾಗುವ ಸಾಧ್ಯತೆ ಹುಟ್ಟಿತ್ತು. ಅಂದರೆ ಆ ಅಲಿಖಿತ ನಿಯಮ ಡೇವಿಸ್‌ಗೆ ಹೇಳುತ್ತಿದ್ದದ್ದು: ಎದುರಾಳಿಯ ದಾಖಲೆ ಕೆಡಬಾರದು, ಅದಕ್ಕಾಗಿ ನೀನು ಗೆಲ್ಲುವ ಪ್ರಯತ್ನ ಬಿಡು. ಆಟ ಎಂಬುದಕ್ಕೆ ಅರ್ಥ ಬರುವುದೇ ಇಬ್ಬರೂ ಗೆಲ್ಲಲು ಪ್ರಯತ್ನಿಸುವುದರಿಂದ. ಇಲ್ಲಿ ಪ್ರಯತ್ನಿಸಿದವನೇ ಅಪರಾಧಿ.

ಬರೆದ ನಿಯಮ ಮುರಿದರೆ ಅಂಪೈರ್ ಇದ್ದಾನೆ. ಬರೆಯದ ನಿಯಮಕ್ಕೆ ದೂರು ಕೊಡುವವನು, ತೀರ್ಪು ಹೇಳುವವನು, ಶಿಕ್ಷೆ ಜಾರಿ ಮಾಡುವವನು ಎಲ್ಲವೂ ಒಬ್ಬನೇ: ಕೈಯಲ್ಲಿ ಚೆಂಡು ಹಿಡಿದ ಪಿಚರ್. ಆ ಚೆಂಡಿನ ತೂಕ ಸುಮಾರು 145 ಗ್ರಾಂ. ಅದು ಗಂಟೆಗೆ 145 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ 18.44 ಮೀಟರ್ ದೂರದಿಂದ ಬರುತ್ತದೆ, ಕ್ರಿಕೆಟ್‌ನಂತೆ ನೆಲಕ್ಕೆ ಪುಟಿಯದೆ, ನೇರ ಮೈಮೇಲೆ. 1920ರ ಆಗಸ್ಟ್ 16ರಂದು ನ್ಯೂಯಾರ್ಕ್‌ನಲ್ಲಿ ಕಾರ್ಲ್ ಮೇಸ್ ಎಸೆದ ಚೆಂಡು ಕ್ಲೀವ್‌ಲೆಂಡ್ ತಂಡದ ರೇ ಚಾಪ್‌ಮನ್‌ನ ತಲೆಗೆ ಬಡಿಯಿತು. ಮರುದಿನ ಬೆಳಗಿನ ಹೊತ್ತಿಗೆ ಅವನು ತೀರಿಕೊಂಡ. ಅದು ಬೇಕೆಂದೇ ಎಸೆದದ್ದಲ್ಲ ಎಂದು ಮೇಸ್ ಕೊನೆಯವರೆಗೂ ಹೇಳಿದ. ನಿಜವೇ ಇರಬಹುದು. ಆದರೆ ಆ ಚೆಂಡು ಏನು ಮಾಡಬಲ್ಲದು ಎಂಬುದು ಅಂದಿನಿಂದ ಎಲ್ಲರಿಗೂ ಗೊತ್ತು. ಆದರೂ ಹೊಸ ಆಟಗಾರರಿಗೆಲ್ಲ ಹೆಲ್ಮೆಟ್ ಕಡ್ಡಾಯವಾದದ್ದು 1971ರಲ್ಲಿ. ಈ ಶಿಕ್ಷೆಯ ಪದ್ಧತಿಯಂತೂ ಇನ್ನೂ ಪೂರ್ತಿ ಹೋಗಿಲ್ಲ.

ಬ್ಯಾಟರ್‌ನ ಮೈಗೆ ಗುರಿಯಿಟ್ಟು ಎಸೆಯುವುದು ಬರೆದ ಪುಸ್ತಕದ ಪ್ರಕಾರ ಅಪರಾಧ. ಬರೆಯದ ಪುಸ್ತಕವನ್ನು ಜಾರಿಗೆ ತರಬೇಕೆಂದರೆ ಬರೆದ ಪುಸ್ತಕವನ್ನು ಮುರಿಯಲೇಬೇಕು. ತಾತೀಸ್ ಪ್ರಕರಣದಲ್ಲೂ ಲೀಗ್ ಶಿಕ್ಷೆ ಕೊಟ್ಟದ್ದು ಚೆಂಡು ಎಸೆದ ಗಿಬೊಗೆ ಮೂರು ಪಂದ್ಯ, ವುಡ್‌ವರ್ಡ್‌ಗೆ ಒಂದು ಪಂದ್ಯ. ತಾತೀಸ್‌ಗೆ ಏನೂ ಇಲ್ಲ, ಏಕೆಂದರೆ ಅವನು ಏನನ್ನೂ ಮುರಿದಿರಲಿಲ್ಲ. ಆದರೂ ಕ್ಷಮೆ ಕೇಳಿದವನು ಅವನು. ಚೆಂಡು ಹಾಯ್ದದ್ದು ಅವನ ಜೊತೆಗಾರನ ಬೆನ್ನ ಹಿಂದೆ.

ಮರುವರ್ಷ ಇದಕ್ಕಿಂತ ವಿಚಿತ್ರವಾದದ್ದು ನಡೆಯಿತು. 2021ರ ಮೇ 17ರಂದು ಶಿಕಾಗೊ ವೈಟ್ ಸಾಕ್ಸ್ ಮಿನ್ನೆಸೋಟ ಟ್ವಿನ್ಸ್ ವಿರುದ್ಧ 15-4ರಿಂದ ಮುಂದಿತ್ತು. ಸೋಲು ಖಚಿತವಾದ ಮೇಲೆ ಪಿಚರ್‌ಗಳನ್ನು ದಣಿಸುವುದೇಕೆಂದು ಟ್ವಿನ್ಸ್ ತಂಡ ಪಿಚರ್ ಅಲ್ಲದ ವಿಲಿಯನ್ಸ್ ಆಸ್ಟುಡಿಯೊನ ಕೈಗೆ ಚೆಂಡು ಕೊಟ್ಟಿತ್ತು. ಅವನೂ ಮೂರು ಸಲ ಗುರಿ ತಪ್ಪಿದ. ನಾಲ್ಕನೆಯದು ಗಂಟೆಗೆ 75 ಕಿಲೋಮೀಟರ್ ಚಿಲ್ಲರೆ ವೇಗದಲ್ಲಿ ತೇಲಿ ಬಂತು. ಆ ವರ್ಷವಷ್ಟೇ ನೆಲೆ ಕಂಡುಕೊಳ್ಳುತ್ತಿದ್ದ ಯೆರ್ಮಿನ್ ಮರ್ಸಿಡೀಸ್ ಅದನ್ನು ಬೇಲಿಯಾಚೆ ಕಳಿಸಿದ. ಅವನ ಮೇಲೆ ಹರಿಹಾಯ್ದವರು ಅವನದೇ ಮ್ಯಾನೇಜರ್, 76 ವರ್ಷದ ಟೋನಿ ಲಾ ರೂಸ. ಮರುದಿನ ಟ್ವಿನ್ಸ್ ಪಿಚರ್ ಮರ್ಸಿಡೀಸ್‌ನ ಕಾಲಿನ ಹಿಂದೆ ಚೆಂಡೆಸೆದು ಮೈದಾನದಿಂದ ಹೊರಹಾಕಿಸಿಕೊಂಡಾಗಲೂ ಲಾ ರೂಸ ತನಗೇನೂ ತಕರಾರಿಲ್ಲ ಎಂದರು. ಪಿಚರ್ ಅಲ್ಲದವನನ್ನು ತಂದು ನಿಲ್ಲಿಸಿ ಆಟವನ್ನೇ ಹಗುರವಾಗಿ ತೆಗೆದುಕೊಂಡವರು ಯಾರ ಗೌರವ ಕೇಳುತ್ತಿದ್ದಾರೆ ಎಂಬ ಪ್ರಶ್ನೆ ಆ ಮ್ಯಾನೇಜರ್‌ಗೆ ಬರಲಿಲ್ಲ. ಆಟಗಾರರಲ್ಲಿ ಕೆಲವರಿಗೆ ಬಂತು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ತಾತೀಸ್ ಡೊಮಿನಿಕನ್ ರಿಪಬ್ಲಿಕ್‌ನವನು. ಮರ್ಸಿಡೀಸ್ ಕೂಡ. 2015ರ ಅಕ್ಟೋಬರ್‌ನಲ್ಲಿ ಟೊರಾಂಟೊದಲ್ಲಿ ನಿರ್ಣಾಯಕ ಹೋಮ್ ರನ್ ಹೊಡೆದು ಬ್ಯಾಟನ್ನು ಗಾಳಿಗೆ ತೂರಿದ್ದಕ್ಕೆ ತಿಂಗಳುಗಟ್ಟಲೆ ಬುದ್ಧಿವಾದ ಕೇಳಿಸಿಕೊಂಡ ಹೊಸೆ ಬವುಟಿಸ್ಟ ಕೂಡ. ಕೆರಿಬಿಯನ್ ದೇಶಗಳಲ್ಲಿ ಬೇಸ್‌ಬಾಲ್ ಎಂದರೆ ಕುಣಿತ, ಕೇಕೆ, ಡೋಲು. ದಕ್ಷಿಣ ಕೊರಿಯದಲ್ಲಿ ಬ್ಯಾಟ್ ತೂರುವುದು ಪ್ರೇಕ್ಷಕರು ಕಾದು ನೋಡುವ ಸಂಭ್ರಮ. ಯಾವ ಪಿಚರ್‌ಗೂ ಅದರಿಂದ ಅವಮಾನವಾಗುವುದಿಲ್ಲ. 2020ರಲ್ಲಿ ಸೋಂಕಿನ ಕಾರಣಕ್ಕೆ ಅಮೆರಿಕದ ಲೀಗ್ ನಿಂತುಹೋಗಿದ್ದಾಗ ಅಲ್ಲಿನ ಟಿವಿಯಲ್ಲಿ ಕೊರಿಯದ ಪಂದ್ಯಗಳು ಬಂದವು. ‘ಆಟದ ಧರ್ಮ’ ಎಂದು ತಾವು ನಂಬಿದ್ದು ತಮ್ಮೂರಿನ ರೂಢಿಯಷ್ಟೇ ಎಂಬುದನ್ನು ಅಮೆರಿಕದ ಪ್ರೇಕ್ಷಕರು ಆಗ ಮನೆಯಲ್ಲಿ ಕೂತು ನೋಡಿದರು. ‘ನಮ್ಮ ಆಟವನ್ನು ಆಡುವ ರೀತಿ ಹೀಗೆ’ ಎಂಬ ಮಾತಿನಲ್ಲಿ ‘ನಮ್ಮ’ ಎಂದರೆ ಯಾರು ಎಂಬುದೇ ಮುಖ್ಯ ಪ್ರಶ್ನೆ. ಆ ಪ್ರಶ್ನೆ ಬೇಸ್‌ಬಾಲ್‌ನಷ್ಟೇ ಹಳೆಯದು.

ಬೇಸ್‌ಬಾಲ್‌ನ ಅತಿ ದೊಡ್ಡ ಅಲಿಖಿತ ನಿಯಮ ಬ್ಯಾಟ್ ತೂರುವುದರ ಬಗ್ಗೆ ಇರಲಿಲ್ಲ. ಮೈಬಣ್ಣದ ಬಗ್ಗೆ ಇತ್ತು. ಮೊದಲು ಅದನ್ನು ಬರೆದೇ ಇಟ್ಟಿದ್ದರು. ಅಂತರ್ಯುದ್ಧ ಮುಗಿದು ಎರಡು ವರ್ಷವಾಗಿದ್ದಾಗ, 1867ರ ಡಿಸೆಂಬರ್‌ನಲ್ಲಿ, ಆಗಿನ ರಾಷ್ಟ್ರೀಯ ಬೇಸ್‌ಬಾಲ್ ಆಟಗಾರರ ಸಂಘವು ಒಬ್ಬನೇ ಕರಿಯ ಆಟಗಾರನಿದ್ದರೂ ಅಂಥ ಕ್ಲಬ್ಬನ್ನು ಸೇರಿಸಿಕೊಳ್ಳುವುದಿಲ್ಲ ಎಂದು ನಿರ್ಧರಿಸಿತು. ಕೊಟ್ಟ ಕಾರಣ ಬಲು ಸಭ್ಯವಾಗಿತ್ತು: ಸೇರಿಸಿಕೊಂಡರೆ ಸದಸ್ಯರಲ್ಲಿ ಭಿನ್ನಾಭಿಪ್ರಾಯ ಹುಟ್ಟುತ್ತದೆ, ಹೊರಗಿಟ್ಟರೆ ಯಾರಿಗೂ ನಷ್ಟವಿಲ್ಲ. ಆ ಸಂಘ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು, ನಿಯಮವೂ ಅದರ ಜೊತೆಗೆ ಹೋಯಿತು. 1876ರಲ್ಲಿ ಹುಟ್ಟಿದ ನ್ಯಾಷನಲ್ ಲೀಗ್ ಅಂಥದ್ದೇನನ್ನೂ ಬರೆಯಲಿಲ್ಲ. ಬರೆಯುವ ಅಗತ್ಯ ಬೀಳಲಿಲ್ಲ.

1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕರಿಯ ಆಟಗಾರ ಟೊಲೀಡೊ ತಂಡಕ್ಕೆ ಮೇಜರ್ ಲೀಗ್ ಮಟ್ಟದಲ್ಲಿ ಆಡಿದ. ಅವನು ಕ್ಯಾಚರ್, ಯಾವ ಎಸೆತ ಬೇಕೆಂದು ಪಿಚರ್‌ಗೆ ಸನ್ನೆ ಮಾಡುವುದು ಕ್ಯಾಚರ್‌ನ ಕೆಲಸ. ತಂಡದ ಪಿಚರ್ ಟೋನಿ ಮಲೇನ್ ಎಷ್ಟೋ ವರ್ಷಗಳ ನಂತರ ಒಪ್ಪಿಕೊಂಡ: ವಾಕರ್ ತಾನು ಕಂಡ ಅತ್ಯುತ್ತಮ ಕ್ಯಾಚರ್, ಆದರೆ ಕರಿಯನ ಸನ್ನೆಯನ್ನು ತಾನು ಪಾಲಿಸುತ್ತಿರಲಿಲ್ಲ, ಮನಸ್ಸಿಗೆ ಬಂದದ್ದನ್ನು ಎಸೆಯುತ್ತಿದ್ದೆ. ವಾಕರ್ ಏನು ಬರುತ್ತದೆಂದು ತಿಳಿಯದೆಯೇ ಆ ಎಸೆತಗಳನ್ನು ಹಿಡಿದ. 1887ರ ಜುಲೈ 14ರಂದು ಶಿಕಾಗೊ ತಂಡದ ಪ್ರಸಿದ್ಧ ನಾಯಕ ಕ್ಯಾಪ್ ಆನ್ಸನ್ ಕರಿಯ ಆಟಗಾರರಿದ್ದರೆ ತಾನು ಆಡುವುದಿಲ್ಲ ಎಂದು ಪಟ್ಟು ಹಿಡಿದ. ಅದೇ ದಿನ, ಮೇಜರ್ ಲೀಗ್‌ಗಿಂತ ಕೆಳಮಟ್ಟದ ಇಂಟರ್‌ನ್ಯಾಷನಲ್ ಲೀಗ್‌ನ ಆಡಳಿತಗಾರರು ಇನ್ನು ಮುಂದೆ ಕರಿಯರೊಂದಿಗೆ ಹೊಸ ಒಪ್ಪಂದವಿಲ್ಲ ಎಂದು ಮತ ಹಾಕಿದರು. ಅಲ್ಲಿಂದ ಮುಂದೆ ಅದಕ್ಕೆ ‘ಸಂಭಾವಿತರ ಒಪ್ಪಂದ’ ಎಂಬ ಹೆಸರು ಬಂತು. ಮೇಜರ್ ಲೀಗ್ ಬಾಗಿಲು 1947ರವರೆಗೆ ಮುಚ್ಚಿಯೇ ಇತ್ತು.

ಬರೆಯದ ನಿಯಮಕ್ಕೆ ವ್ಯಾಖ್ಯೆಯೂ ಇರುವುದಿಲ್ಲ. ಹಾಗಾಗಿ ‘ಕರಿಯ’ ಎಂದರೆ ಯಾರು ಎಂಬುದು ಅವರವರ ಕಣ್ಣಿಗೆ ಬಿಟ್ಟದ್ದು. 1901ರಲ್ಲಿ ಬಾಲ್ಟಿಮೋರ್ ಮ್ಯಾನೇಜರ್ ಜಾನ್ ಮೆಗ್ರಾ, ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಚಾರ್ಲಿ ಗ್ರಾಂಟ್ ಎಂಬ ತಿಳಿಬಣ್ಣದ ಕರಿಯ ಆಟಗಾರನನ್ನು ಕಂಡು, ‘ಟೊಕೊಹಾಮ’ ಎಂದು ಹೆಸರಿಟ್ಟು, ಚೆರೊಕೀ ಬುಡಕಟ್ಟಿನವನು ಎಂದು ತಂಡಕ್ಕೆ ಸೇರಿಸಲು ನೋಡಿದರು. ಮೂಲನಿವಾಸಿಗಳಿಗೆ ಪ್ರವೇಶವಿತ್ತು, ಬಣ್ಣ ಅದೇ ಇದ್ದರೂ ಕಥೆ ಬೇರೆಯಾದರೆ ಸಾಕಿತ್ತು. ಆದರೆ ಶಿಕಾಗೊ ತಂಡದ ಒಡೆಯ ಚಾರ್ಲ್ಸ್ ಕಮಿಸ್ಕಿ ಗುಟ್ಟು ಬಯಲು ಮಾಡಿದರು, ಉಪಾಯ ಕೆಟ್ಟಿತು. ಹತ್ತು ವರ್ಷದ ನಂತರ ಸಿನ್ಸಿನಾಟಿ ತಂಡ ಇಬ್ಬರು ಕ್ಯೂಬನ್ನರನ್ನು ಕರೆತಂದಾಗ, ಅವರ ಮೈಯಲ್ಲಿ ಹರಿಯುವುದು ಶುದ್ಧ ಯುರೋಪಿನ ರಕ್ತವೇ ಎಂದು ಊರಿಗೆಲ್ಲ ಭರವಸೆ ಕೊಡಬೇಕಾಯಿತು.

ಇತಿಹಾಸದ ವಿದ್ಯಾರ್ಥಿಗೆ ನಿಜವಾದ ತೊಡಕು ಬರುವುದು ಇಲ್ಲಿ. ನಾವು ದಾಖಲೆ ಹುಡುಕುವವರು. ಠರಾವು, ಸುತ್ತೋಲೆ, ಸಹಿ ಸಿಕ್ಕರೆ ನಮಗೆ ನೆಮ್ಮದಿ. ಇಲ್ಲಿ ಸಿಗುವುದು ದಾಖಲೆಯ ನಿರಾಕರಣೆ. 1920ರಿಂದ 1944ರವರೆಗೆ ಬೇಸ್‌ಬಾಲ್‌ನ ಕಮಿಷನರ್ ಆಗಿದ್ದವರು ಮಾಜಿ ನ್ಯಾಯಾಧೀಶ ಕೆನೆಸಾ ಮೌಂಟನ್ ಲ್ಯಾಂಡಿಸ್. ಅವಕಾಶವಿದ್ದರೆ ಕರಿಯ ಆಟಗಾರರನ್ನು ಸೇರಿಸಿಕೊಳ್ಳುತ್ತಿದ್ದೆ ಎಂದು ಬ್ರೂಕ್ಲಿನ್ ಡಾಜರ್ಸ್ ಮ್ಯಾನೇಜರ್ ಲಿಯೊ ಡುರೋಷರ್ ಹೇಳಿದ್ದು ಸುದ್ದಿಯಾದಾಗ, 1942ರ ಜುಲೈನಲ್ಲಿ ಲ್ಯಾಂಡಿಸ್ ಸ್ಪಷ್ಟನೆ ಕೊಟ್ಟರು: ಕರಿಯರನ್ನು ತಡೆಯುವ ಯಾವ ನಿಯಮವೂ ಇಲ್ಲ, ಲಿಖಿತವಾಗಿಯೂ ಇಲ್ಲ, ಅಲಿಖಿತವಾಗಿಯೂ ಇಲ್ಲ, ಒಳಒಪ್ಪಂದವೂ ಇಲ್ಲ.

ಈ ಮಾತಿನ ಜಾಣತನ ನೋಡಿ. ಇದ್ದ ನಿಯಮವನ್ನು ರದ್ದು ಮಾಡಿ ಎಂದು ಕೇಳಬಹುದು, ನ್ಯಾಯಾಲಯಕ್ಕೆ ಹೋಗಬಹುದು, ಮತಕ್ಕೆ ಹಾಕಬಹುದು. ಇಲ್ಲದ ನಿಯಮವನ್ನು ರದ್ದು ಮಾಡುವುದು ಹೇಗೆ? ಯಾರೂ ತಡೆಯುತ್ತಿಲ್ಲ, ಆದರೂ ಯಾರೂ ಒಳಗೆ ಬರುತ್ತಿಲ್ಲ. ಹಳ್ಳಿಯ ಚಹಾದಂಗಡಿಯ ಎರಡು ಬಗೆಯ ಲೋಟಗಳ ನಿಯಮವನ್ನೂ ಯಾವ ಗೋಡೆಯ ಮೇಲೂ ಬರೆದಿರುತ್ತಿರಲಿಲ್ಲ ಎಂಬುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲ್ಯಾಂಡಿಸ್ ಮಾತನ್ನು ಸುಳ್ಳೆಂದು ತೋರಿಸಲು ಒಂದೇ ಸಾಕ್ಷ್ಯ ಸಾಕು, ಅದು ಕಣ್ಣೆದುರೇ ಇತ್ತು: ಅರವತ್ತು ವರ್ಷಗಳ ತಂಡಗಳ ಪಟ್ಟಿ. ಆ ಪಟ್ಟಿಗಳಲ್ಲಿ ಇಲ್ಲದ ಹೆಸರುಗಳು. ಆ ಹೆಸರುಗಳು ಬೇರೆಡೆ ಆಡುತ್ತಿದ್ದವು. 1920ರಲ್ಲಿ ರೂಬ್ ಫಾಸ್ಟರ್ ಕಟ್ಟಿದ ನೀಗ್ರೊ ನ್ಯಾಷನಲ್ ಲೀಗ್‌ನಲ್ಲಿ, ಅದರ ನಂತರ ಬಂದ ಲೀಗ್‌ಗಳಲ್ಲಿ, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಊರೂರು ತಿರುಗುತ್ತ.

1945ರ ಏಪ್ರಿಲ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡ, ನಗರಸಭೆಯ ಸದಸ್ಯರೊಬ್ಬರ ಒತ್ತಾಯಕ್ಕೆ ಮಣಿದು ಮೂವರು ಕರಿಯ ಆಟಗಾರರನ್ನು ಪರೀಕ್ಷೆಗೆ ಕರೆಯಿತು. ಮೂವರೂ ಬಂದು ಆಡಿ ತೋರಿಸಿದರು. ಮುಂದೆ ಕರೆ ಬರಲೇ ಇಲ್ಲ. ಆ ಮೂವರಲ್ಲಿ ಒಬ್ಬ ಜಾಕಿ ರಾಬಿನ್ಸನ್. ಅದೇ ವರ್ಷ ಆಗಸ್ಟ್ 28ರಂದು ಡಾಜರ್ಸ್ ತಂಡದ ಬ್ರಾಂಚ್ ರಿಕಿ ಅವನನ್ನು ಕರೆಸಿ ಮೂರು ಗಂಟೆ ಮಾತಾಡಿದರು. ಅವನಲ್ಲಿ ರಿಕಿ ಹುಡುಕುತ್ತಿದ್ದದ್ದು ಬಯ್ಗುಳ ಬಂದರೂ ಚೆಂಡು ತಲೆಗೆ ಬಂದರೂ ತಿರುಗಿ ಹೊಡೆಯದಿರುವ ಧೈರ್ಯ. ರಾಬಿನ್ಸನ್ ಒಪ್ಪಿದ.

1947ರ ಏಪ್ರಿಲ್ 15ರಂದು ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್‌ನಲ್ಲಿ ರಾಬಿನ್ಸನ್ ಮೈದಾನಕ್ಕಿಳಿದ. ಒಂದು ವಾರದಲ್ಲಿ ಫಿಲಡೆಲ್ಫಿಯ ತಂಡದ ಮ್ಯಾನೇಜರ್ ಬೆನ್ ಚಾಪ್‌ಮನ್ ತನ್ನ ಆಟಗಾರರನ್ನು ಕಟ್ಟಿಕೊಂಡು ಅವನ ಮೇಲೆ ಬೈಗುಳದ ಮಳೆ ಸುರಿಸಿದ. ಆ ವರ್ಷ ಪಿಚರ್‌ಗಳ ಚೆಂಡು ಮತ್ತೆ ಮತ್ತೆ ಅವನ ಮೈಗೆ ಬಡಿಯಿತು. ಇಲ್ಲಿ ಬೇಸ್‌ಬಾಲ್‌ನ ಅಲಿಖಿತ ಸಂಹಿತೆಯ ನಿಜಬಣ್ಣ ಕಾಣುತ್ತದೆ. ಅದರ ಮೊದಲ ಸೂತ್ರವೇ ಸೇಡು: ನಮ್ಮವನಿಗೆ ಹೊಡೆದರೆ ನಿಮ್ಮವನಿಗೆ ಹೊಡೆಯುತ್ತೇವೆ. ಆ ಸಂಹಿತೆಯ ಪ್ರಕಾರ ಸೇಡಿಗೆ ಎಲ್ಲರಿಗಿಂತ ಹೆಚ್ಚು ಹಕ್ಕಿದ್ದವನು ರಾಬಿನ್ಸನ್. ಅವನೊಬ್ಬನಿಗೆ ಮಾತ್ರ ಆ ಹಕ್ಕು ಇರಲಿಲ್ಲ. ಅವನು ಮಾಡಿದ್ದು ಬೇಸ್ ಕದಿಯುವುದು. ಆ ವರ್ಷ 29 ಸಲ ಕದ್ದು ನ್ಯಾಷನಲ್ ಲೀಗ್‌ನಲ್ಲೇ ಮೊದಲಿಗನಾದ. ರೆಡ್ ಸಾಕ್ಸ್ ತಂಡಕ್ಕೆ ಮೊದಲ ಕರಿಯ ಆಟಗಾರ ಬಂದದ್ದು 1959ರ ಜುಲೈನಲ್ಲಿ, ಎಲ್ಲ ತಂಡಗಳಿಗಿಂತ ಕೊನೆಗೆ. ಇಲ್ಲದ ನಿಯಮವನ್ನು ಬಿಡಲು ಅವರಿಗೆ ಹನ್ನೆರಡು ವರ್ಷ ಬೇಕಾಯಿತು.

ಹಾಗಾದರೆ ಬರೆಯದ ನಿಯಮಗಳೆಲ್ಲ ಕೆಟ್ಟವೇ? ಹಾಗೆ ಹೇಳಿದರೆ ಅನ್ಯಾಯವಾಗುತ್ತದೆ. ಯಾವ ಆಟವೂ ಬರೀ ಪುಸ್ತಕದ ಮೇಲೆ ನಡೆಯುವುದಿಲ್ಲ. 1980ರ ಫೆಬ್ರವರಿಯಲ್ಲಿ ಮುಂಬೈನ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ನಮ್ಮ ಗುಂಡಪ್ಪ ವಿಶ್ವನಾಥ್ ಅವರು ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ವಾಪಸ್ ಕರೆದರು. ಟೇಲರ್ ಮತ್ತು ಬೋಥಮ್ ಜೊತೆಯಾಟ ಪಂದ್ಯವನ್ನೇ ತಿರುಗಿಸಿತು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಅದನ್ನೂ ಯಾವ ಪುಸ್ತಕವೂ ಕಡ್ಡಾಯ ಮಾಡಿರಲಿಲ್ಲ. ಆದರೆ ಆ ಕ್ಷಣದ ಬೆಲೆ ತೆತ್ತವರು ಸ್ವತಃ ವಿಶ್ವನಾಥ್. ನನಗೆ ಕಾಣುವ ವ್ಯತ್ಯಾಸ ಇದು: ನಾನು ಪಾಲಿಸಿ ನಾನೇ ನಷ್ಟ ಅನುಭವಿಸುವ ಅಲಿಖಿತ ನಿಯಮಕ್ಕೆ ಸೌಜನ್ಯ ಎನ್ನಬಹುದು. ನಾನು ಹೇಳಿ ಇನ್ನೊಬ್ಬ ನಷ್ಟ ಅನುಭವಿಸಬೇಕಾದ ಅಲಿಖಿತ ನಿಯಮ ಅಧಿಕಾರ. ಅದು ತನ್ನನ್ನು ಸೌಜನ್ಯ ಎಂದೇ ಕರೆದುಕೊಳ್ಳುತ್ತದೆ. ತಾತೀಸ್‌ನಿಂದ ಕೇಳಿದ ಕ್ಷಮೆ ಮತ್ತು ವಾಕರ್‌ಗೆ ಮುಚ್ಚಿದ ಬಾಗಿಲು ಒಂದೇ ತೂಕದವಲ್ಲ. ಒಂದನ್ನು ಕೇಳಿ ನಗಬಹುದು, ಇನ್ನೊಂದಕ್ಕೆ ಸಾಧ್ಯವಿಲ್ಲ. ಆದರೆ ಎರಡೂ ಕಡೆ ಉತ್ತರ ಒಂದೇ ಧಾಟಿಯದು: ಎಲ್ಲಿ ಬರೆದಿದೆ ಎಂದು ಕೇಳಬೇಡ, ನಮ್ಮಲ್ಲಿ ಹೀಗೆಯೇ.

ತಾತೀಸ್ ಕ್ಷಮೆ ಕೇಳಿದ ಅದೇ 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಒಂದು ಪ್ರಕಟಣೆ ಹೊರಡಿಸಿತು. 1920ರಿಂದ 1948ರವರೆಗಿನ ಏಳು ನೀಗ್ರೊ ಲೀಗ್‌ಗಳನ್ನು ಇನ್ನು ಮೇಜರ್ ಲೀಗ್‌ಗಳೆಂದೇ ಪರಿಗಣಿಸಲಾಗುವುದು. ಹಳೆಯ ಪತ್ರಿಕೆಗಳ ಅಂಕಪಟ್ಟಿಗಳನ್ನು ವರ್ಷಗಟ್ಟಲೆ ಹೆಕ್ಕಿ ಜೋಡಿಸಿದ ಸಂಶೋಧಕರ ಕೆಲಸ ಅದರ ಹಿಂದಿತ್ತು. 2024ರ ಮೇ ತಿಂಗಳಲ್ಲಿ ಆ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದವು. ಒಂದು ಶತಮಾನದ ಹತ್ತಿರ ಟೈ ಕಾಬ್ ಹೆಸರಿನಲ್ಲಿದ್ದ ಜೀವಮಾನದ ಬ್ಯಾಟಿಂಗ್ ಸರಾಸರಿಯ ದಾಖಲೆ, .372 ಸರಾಸರಿಯ ಜೋಶ್ ಗಿಬ್ಸನ್ ಹೆಸರಿಗೆ ಬಂತು. ನೀಗ್ರೊ ಲೀಗ್‌ಗಳ ಋತುಗಳು ಚಿಕ್ಕವು, ಹೋಲಿಕೆ ಸರಿಯಲ್ಲ ಎಂದು ಕೆಲವರು ತಕರಾರು ತೆಗೆದರು. ಆ ಋತುಗಳು ಚಿಕ್ಕವಾಗಿದ್ದದ್ದು ಯಾರ ನಿಯಮದಿಂದ ಎಂಬುದನ್ನೂ ಆ ತಕರಾರಿನ ಪಕ್ಕದಲ್ಲೇ ಬರೆದಿಡಬೇಕು.

ಗಿಬ್ಸನ್‌ಗೆ ಮೇಜರ್ ಲೀಗ್‌ನ ಒಂದು ಎಸೆತವನ್ನೂ ಎದುರಿಸಲು ಸಿಗಲಿಲ್ಲ. ಅವನು ತೀರಿಕೊಂಡದ್ದು 1947ರ ಜನವರಿ 20ರಂದು, 35ನೇ ವಯಸ್ಸಿನಲ್ಲಿ. ಎಬೆಟ್ಸ್ ಫೀಲ್ಡ್‌ನಲ್ಲಿ ರಾಬಿನ್ಸನ್ ಮೈದಾನಕ್ಕಿಳಿಯಲು ಇನ್ನು ಮೂರು ತಿಂಗಳು ಬಾಕಿಯಿತ್ತು.